ಮೋತಿ ಬ್ಯಾಡ ಅನ್ನದ ರೊಟ್ಟಿ

ಅಲ್ಲ ಮೊಮ್ಮಕ್ಕಳ್ರಾ, ನಾಯಿ ನಾಯಿ ಅನ್ನಬ್ಯಾಡ್ರಿ ಅವಗ, ಮೋತಿ ಅನ್ರಿ. ನೀವಿನ್ನಾ ಸಣ್ಣವರಿದ್ರಿ, ನಿಮಗ ಅವನ ಬಾಲ ಅಷ್ಟ ನೆನಪಿರ್ಬೇಕು. ಕಮಲಾಪುರದಾಗ ನನ್ನ ತಮ್ಮನ ಹೊಲದಾಗ ಹುಟ್ಟಿದವ. ನಿಮ್ಮ ಮುತ್ಯಾ ತೀರ್ಕೊಂಡ ವರ್ಷ, "ಅಕ್ಕಾ, ಒಬ್ಬಾಕಿನ ಇರಬ್ಯಾಡ" ಅಂತ ಆ ಮರಿ ನನ್ನ ಉಡ್ಯಾಗ ಹಾಕಿದ. ಒಬ್ಬಾಕಿ ಎಲ್ಲಿ, ನಿಮ್ಮಪ್ಪ ಇದ್ನಲ್ಲ ಮನ್ಯಾಗ, ಆದ್ರ ಅವ ದಿನಾ ಕೆಲಸಕ್ಕ ಹೋಗಾಂವ. ನಾ ಆಗ ಖಡಕ್ ರೊಟ್ಟಿ ಬಡದು ಜಗತ್ ಸರ್ಕಲ್ ಕಡೆ ಅಂಗಡಿಗೆ ಕೊಡ್ತಿದ್ದೆ. ಒಲಿ ಮುಂದ ಕುಂತ್ರ ಮಧ್ಯಾಹ್ನದ ತನಕ ಏಳಂಗಿಲ್ಲ, ಅಂಗೈ ಸುಟ್ಟು ಸುಟ್ಟು ತೊಗಲ ಮರಗಟ್ಟಿತ್ತು ನೋಡ್ರಿ. ನಮ್ಮ ಮನಿ ಪದ್ಧತಿ ಗೊತ್ತಲ್ಲ, ಮೊದಲನೇ ರೊಟ್ಟಿ ಆಕಳಕ್ಕ, ಕಡೀ ರೊಟ್ಟಿ ನಾಯಿಗೆ. ಕಡೀದು ತಟ್ಟೋ ಸಪ್ಪಳ ಅವಗ ಹ್ಯಾಂಗ ತಿಳೀತಿತ್ತೋ ಶಿವನಿಗೇ ಗೊತ್ತು, ಎಲ್ಲಿದ್ರೂ ಬಂದು ಹೊಸ್ತಿಲ ಮುಂದ ನಿಲ್ಲಾಂವ.

ಅವಗ ಹತ್ತು ವರ್ಷ, ಅಲ್ಲ, ಹನ್ನೊಂದು ಆಗಿರ್ಬೇಕು, ಆಗ ಹೊಟ್ಟಿ ಊದ್ಲಾಕ ಹತ್ತಿತು. ದವಾಖಾನಿಗೆ ಒಯ್ದೆ. ಡಾಕ್ಟರಮ್ಮ ಹೊಟ್ಟಿ ಒತ್ತಿ ನೋಡಿ, ಫೋಟೋ ತಗದು, ನನ್ನ ಕುಂದ್ರಿಸಿಕೊಂಡು ಹೇಳಿದ್ಲು: "ಆಯೀ, ಒಳಗ ಗಂಟು ಅದ. ಈ ವಯಸ್ಸಿಗೆ ಕೊಯ್ಯಲಾಕ ಬರಂಗಿಲ್ಲ. ಎರಡೋ ಮೂರೋ ತಿಂಗಳು. ಉಣ್ಣೋತನಕ ಇರ್ಲಿ. ಉಣ್ಣೋದು ಬಿಟ್ಟ ಅಂದ್ರ ಕರ್ಕೊಂಡ್ ಬರ್ರಿ, ಒಂದು ಸೂಜಿ ಮಾಡ್ತೀನಿ, ಶಾಂತ ಹೋಗ್ತಾನ." ಸೂಜಿ ಅಂದ ಕೂಡ್ಲೇ ನಾ ಅವನ್ನ ಎತ್ಕೊಂಡು ಮನಿಗೆ ಬಂದೆ. ಆವತ್ತಿನಿಂದ ನನಗ ಒಂದ ಧ್ಯಾಸ, ಮೋತಿ ಉಣ್ಬೇಕು. ಕಡೀ ರೊಟ್ಟಿ ಕೈಯಾಗ ಹಿಡದು, "ಉಣ್ಣೋ ಮೋತ್ಯಾ, ನನ್ನಪ್ಪಾ, ನನ್ನ ಸಲುವಾಗಿ ಉಣ್ಣೋ" ಅಂತಿದ್ದೆ. ಅವ ನನ್ನ ಮಾರಿ ನೋಡಾಂವ, ಮೆಲ್ಲಕ ಬಾಯಾಗ ಹಿಡ್ಕೊಂಡು ಹಿತ್ತಲಿಗೆ ಹೋಗಾಂವ. ದಿನಾ, ಒಂದು ದಿನ ತಪ್ಪಿಲ್ಲ. ನಾ ಡಾಕ್ಟರಮ್ಮಗ ಫೋನ್ ಮಾಡಿ, "ಉಣ್ಣಾಕತ್ತಾನ್ರೀ!" ಅಂತ ಕುಣದಿದ್ದೇ ಕುಣದಿದ್ದು. ಮೈ ಯಾಕ ಎಲಬು ಆಗ್ಯಾದ ಅಂತ ನೋಡಲೇ ಇಲ್ಲ. ಬೇಕಾದ್ದ ಕಾಣ್ತದವ್ವಾ ಕಣ್ಣಿಗೆ.

ಒಂದಿನ ಬಾಜೂ ಮನಿ ಜೈನಬ್ಬಿ ಕೂಗಿದ್ಲು, "ಅಕ್ಕಾ, ಜಲ್ದಿ ಆವ್! ಇಲ್ಲಿ ಬಂದು ನೋಡ್ರಿ!" ಹಿತ್ತಲದಾಗ ನಮಗಿಬ್ಬರಿಗೂ ಕೂಡಿ ಒಂದ ಕಟ್ಟಿಗಿ ಗೂಡು ಇತ್ತು. ಆಕಿ ಕಟ್ಟಿಗಿ ತಗಿಲಾಕ ಹೋಗಿದ್ಲು. ಬಗ್ಗಿ ನೋಡ್ತೀನಿ, ಹಿಂದ ರೊಟ್ಟಿ! ಒಂದರ ಮ್ಯಾಲೊಂದು, ನಲವತ್ತರ ಮ್ಯಾಲೇನ ಇದ್ವು. ಮೆತ್ತಗಿನ ರೊಟ್ಟಿ ಆಗಿದ್ರ ಎಂದೋ ಬೂಸು ಹಿಡದು ನಾತ ಬರ್ತಿತ್ತು, ಇವು ಖಡಕ್ ರೊಟ್ಟಿ, ಕೆಡ್ತಾವೇನು? ಎಲ್ಲಾ ಇಟ್ಟಾಂಗ ಇದ್ವು. ಪ್ರತಿಯೊಂದಕ್ಕೂ ಅಂಚಿಗೆ ಬರೇ ಎರಡು ಹಲ್ಲಿನ ಗುರುತು, ಕಚ್ಚಿದ್ದಲ್ಲ, ಹಿಡದದ್ದು. ಜೈನಬ್ಬಿ ಎದಿಮ್ಯಾಲೆ ಕೈ ಇಟ್ಕೊಂಡು, "ಯಾ ಅಲ್ಲಾ, ಏ ಜಾನವರ್ ನೈ ಅಕ್ಕಾ, ಇದು ಪ್ರಾಣಿ ಅಲ್ಲ" ಅಂದ್ಲು. ನುಂಗಲಾಕ ಆಗವಲ್ಲದು ಅವಗ, ಆದ್ರ ನನ್ನ ಕೈ ಚಾಚಿದ್ದು ಬ್ಯಾಡ ಅನ್ನಲಾಕೂ ಆಗವಲ್ಲದು. ನಾ ಅವನ ಕಾಳಜಿ ಮಾಡ್ಲಾಕತ್ತೀನಿ ಅಂತ ತಿಳ್ದಿದ್ದೆ ನೋಡ್ರಿ, ಅವ ನಂದು ಮಾಡ್ಲಾಕತ್ತಿದ್ದ!

ಡಾಕ್ಟರಮ್ಮಗ ಖರೇ ಹೇಳಿದೆ, ಅಳಕೋತ ಹೇಳಿದೆ. ಆಕಿ ಬೈಲಿಲ್ಲ ಪಾಪ. "ಹಾಲು ಕುಡೀತಾನ? ನಿಮ್ಮನ್ನ ನೋಡಿ ಬಾಲ ಅಲ್ಲಾಡಸ್ತಾನ?" ಹೂಂ ಅಂದೆ. "ಹಂಗಿದ್ರ ನೋವಿಗೆ ಔಷಧ ಕೊಡ್ತೀನಿ, ಹಾಲಿನಾಗ ಹಾಕ್ರಿ. ಈಗ ಉಣಿಸಬ್ಯಾಡ್ರಿ, ಬಾಜೂಕ ಇರ್ರಿ." ಬಾಜೂಕ ಇರೋದಂದ್ರ ಹ್ಯಾಂಗ? ನನಗ ಉಣಿಸೋದ ಬಿಟ್ಟು ಬ್ಯಾರೆ ಏನ್ ಗೊತ್ತಿತ್ತು! ಅಂಗಡ್ಯಾಂವಗ ರೊಟ್ಟಿ ಇಲ್ಲಂತ ಹೇಳಿ, ಟೆಂಪೋದಾಗ ಅವನ್ನ ತೊಡಿ ಮ್ಯಾಲೆ ಹಾಕ್ಕೊಂಡು ಕಮಲಾಪುರಕ್ಕ, ತಮ್ಮನ ಹೊಲಕ್ಕ ಹೋದೆ. ಹದಿನೈದು ದಿನ ಬಾಳಿ ಗಿಡದ ನೆರಳಾಗ ಕುಂತ್ವಿ, ಅವ ಮತ್ತ ನಾನು. ಬಿಸಿಲಿದ್ದಾಗ ಕೈ ಕಟ್ಟಿ ಕುಂತಾಕಿನ ಅಲ್ಲ ನಾ, ಮೊದಲು ಮೈಯೆಲ್ಲಾ ಚಡಪಡ ಚಡಪಡ. ಆಮ್ಯಾಲೆ ನೋಡ್ತೀನಿ, ಅವ ಒಂದು ಎಲಿ ಅಲ್ಲಾಡಿದ್ರೂ ಕಿವಿ ನಿಮಿರಸ್ತಾನ, ಗುಬ್ಬಿ ಕೂತ್ರ ನೋಡ್ತಾನ, ಗಾಳಿ ಬಂದ್ರ ಮೂಗು ಎತ್ತತಾನ. ಸಾಯೋ ಜೀವ, ಜಗತ್ತು ಇವತ್ತ ಹುಟ್ಟ್ಯಾದ ಅನ್ನೋಹಂಗ ನೋಡ್ತದ! ನಾನೂ ನೋಡ್ಲಾಕ ಹತ್ತಿದೆ. ಐವತ್ತು ವರ್ಷ ಒಲಿ ಉರಿ ಅಷ್ಟ ನೋಡಿದ್ದೆ ನಾ.

ಕಡೀ ದಿನ ಹೊತ್ತು ಏರಿತ್ತು. ಅವ ತಲಿ ಎತ್ತಿ ನನ್ನ ಕೈ ನೋಡಿದ. "ಏನಿಲ್ಲೋ ಮೋತ್ಯಾ, ಖಾಲಿ ಅವ ನೋಡು" ಅಂತ ಎರಡೂ ಅಂಗೈ ಬಿಚ್ಚಿ ತೋರಿಸಿದೆ. ಆ ಖಾಲಿ ಅಂಗೈಯಾಗ ಮಾರಿ ಇಟ್ಟ. ಒಂದು ದೊಡ್ಡ ಉಸಿರು ಬಿಟ್ಟ. ಆಮ್ಯಾಲೆ ಆ ತಲಿ ಭಾಳ ಭಾರ ಆತು.

ಅದಕ್ಕ ಹೇಳ್ತೀನಿ, ಮನ್ಯಾಗ ಯಾರರೆ ತಾಟು ಸರಿಸಿದ್ರ "ಉಣ್ಣು ಉಣ್ಣು" ಅಂತ ಜೀವ ತಿನ್ನಬ್ಯಾಡ್ರಿ. ಬಾಜೂಕ ಕುಂತು, ಏನಾಗ್ಯಾದ ಅಂತ ಕೇಳ್ರಿ.