ಅತ್ತೆ ಒರೆಸುತ್ತಿದ್ದ ಮಾರ್ಬಲ್

ಹತ್ತಿರ ಬನ್ನಿ. ಗಟ್ಟಿಯಾಗಿ ಹೇಳುವ ಕತೆಯಲ್ಲ ಇದು. ಎಲ್ಲಿಯೋ ಯಾರಿಗೋ ಆದದ್ದೂ ಅಲ್ಲ, ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ನಂಬುವುದು ಬಿಡುವುದು ನಿಮ್ಮಿಷ್ಟ. ಆದರೆ ನಡುವೆ ನಗಬೇಡಿ.

ಅಕ್ಕ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿಗೆ ಹೋದರೆ ಬೆಳಕು ಹರಿದ ಮೇಲೇ ಮನೆ. ಆವತ್ತು ಬಾಯ್ಲರ್ ಕೈ ಕೊಟ್ಟಿತು. ಬಿಸಿನೀರಿಲ್ಲದೆ ರಾಶಿ ರಾಶಿ ಬೆಡ್‌ಶೀಟು ಒಗೆಯುವುದು ಹೇಗೆ? ನಡುರಾತ್ರಿಯಲ್ಲೇ ಎಲ್ಲರನ್ನೂ ಮನೆಗೆ ಕಳಿಸಿಬಿಟ್ಟರು.

ಅವಳ ಬೀದಿ ತಿರುಗುವ ಕಡೆ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ. ಬಾವಿ ದಾಟಿದರೆ ಅವಳದೇ ಮನೆ. ನಾಯಿ ಕೂಡ ಬೊಗಳದ ಹೊತ್ತು... ಅಕ್ಕನಿಗೆ ಒಂದು ಸದ್ದು ಕೇಳಿತು.

ಸರ್ರ್... ಸರ್ರ್...

ನಿಂತಳು. ಒದ್ದೆ ಬಟ್ಟೆ ಕಲ್ಲಿನ ಮೇಲೆ ಜಾರುವ ಸದ್ದು. ಬಾವಿಯಿಂದಲ್ಲ... ಅವಳ ಮನೆಯಿಂದ. ಆಮೇಲೆ ಯಾರೋ ಬಟ್ಟೆ ಹಿಂಡಿದರು. ಬಕೆಟ್ಟಿಗೆ ಹನಿ ಬಿತ್ತು. ತೊಟಕ್... ತೊಟಕ್... ಬಕೆಟ್ಟಿನ ಹಿಡಿಕೆ ಒಮ್ಮೆ ಕಿಣ್ ಅಂದಿತು.

ಆ ಸದ್ದು ಅಕ್ಕನಿಗೆ ಹೊಸದಲ್ಲ. ಅವಳ ಅತ್ತೆ ನೆಲ ಒರೆಸುತ್ತಿದ್ದದ್ದು ಹಾಗೇ. ಆದರೆ ಅತ್ತೆ ತೀರಿಕೊಂಡು ಆಗಲೇ ಕೆಲವು ತಿಂಗಳಾಗಿತ್ತು.

ಬೀಗ ತೆಗೆದು ಒಳಗೆ ಹೋದಳು. ಹಾಲಿನಲ್ಲಿ ಯಾರೂ ಇಲ್ಲ. ಕೋಣೆಯಲ್ಲಿ ಅವಳ ಗಂಡ, ನಮ್ಮ ಭಾವನ ಗೊರಕೆ. ನೆಲ ಮಾತ್ರ ಒದ್ದೆ. ಮೂಲೆಯಲ್ಲಿ ಬಕೆಟ್ಟು, ಅದರ ಅಂಚಿನ ಮೇಲೆ ಹಿಂಡಿ ಹಾಕಿದ ಹಳೇ ಹತ್ತಿ ಬಟ್ಟೆ. ಮುಟ್ಟಿದಳು. ನೀರು ಇನ್ನೂ ಬೆಚ್ಚಗಿತ್ತು.

ನೀವಾಗಿದ್ದರೆ ಕಿರುಚಿಕೊಂಡು ಓಡುತ್ತಿದ್ದಿರಿ. ಅಕ್ಕ ಓಡಲಿಲ್ಲ, ಅಲ್ಲೇ ಕೂತು ಅತ್ತಳು. ಹೆದರಿ ಅಲ್ಲ, ಪ್ರೀತಿಗೆ.

ಆ ಹಾಲಿನದು ಬಿಳಿ ಮಾರ್ಬಲ್ ನೆಲ. ಅತ್ತೆಗೆ ಅದು ಜೀವ. ತನಗೆ ಜ್ವರ ಬಂದರೆ ಕ್ಯಾರೇ ಅನ್ನದ ಹೆಂಗಸು, ನೆಲದ ಮೇಲೆ ಒಂದು ಹನಿ ನಿಂಬೆರಸ ಬಿದ್ದರೆ ಮನೆ ತಲೆಕೆಳಗೆ ಮಾಡುತ್ತಿದ್ದರು. "ಇದು ಟೈಲ್ಸ್ ಅಲ್ಲ ಕಣೇ. ಕಲ್ಲು. ಹುಳಿ ಬಿದ್ರೆ ಸುಟ್ಟುಹೋಗುತ್ತೆ. ಒರೆಸಿದ್ರೂ ಹೋಗಲ್ಲ, ಉಜ್ಜಿದ್ರೂ ಹೋಗಲ್ಲ." ಬೆಚ್ಚಗಿನ ನೀರು, ಒಂದು ಹನಿ ಸೌಮ್ಯ ಸೋಪು, ಮೆತ್ತನೆ ಬಟ್ಟೆ, ಆಮೇಲೆ ಒಣಬಟ್ಟೆ. ಅಷ್ಟೇ. ಆಸಿಡ್ಡು, ವಿನೆಗರ್ ಎಂಬ ಮಾತೂ ಆ ಮನೆಯಲ್ಲಿ ಎತ್ತುವಂತಿರಲಿಲ್ಲ.

ಅಂಥ ನೆಲವನ್ನು ಅಕ್ಕ ರಾತ್ರಿ ಪಾಳಿ ಮುಗಿಸಿ ಬರುವಷ್ಟರಲ್ಲಿ ಅತ್ತೆಯೇ ಒರೆಸಿ ಇಟ್ಟಿರುತ್ತಿದ್ದರು. ಅಕ್ಕ ಬೇಡವೆಂದರೆ, "ಹೋಗಿ ಮಲ್ಕೋ ಮಗಳೇ, ರಾತ್ರಿಯೆಲ್ಲ ಕಷ್ಟಪಟ್ಟಿದ್ದೀಯ" ಅನ್ನುತ್ತಿದ್ದರು. ಅಮ್ಮನಿಲ್ಲದೆ ಬೆಳೆದ ಹುಡುಗಿ ಅಕ್ಕ. ಆ ಒಂದು ಮಾತಿಗೆ ಆ ಮನೆಯಲ್ಲಿ ಕರಗಿಹೋಗಿದ್ದಳು. ಗಂಡನ ಸಿಡುಕು, ಅಸಡ್ಡೆ ಎಲ್ಲವನ್ನೂ ಅತ್ತೆಯ ಮುಖ ನೋಡಿಕೊಂಡೇ ನುಂಗಿದವಳು. ಸತ್ತ ಮೇಲೂ ಅತ್ತೆ ತನ್ನ ಕಷ್ಟ ಮರೆತಿಲ್ಲವಲ್ಲ ಎಂದು ಆ ರಾತ್ರಿ ಬಕೆಟ್ಟಿಗೇ ಕೈ ಮುಗಿದಳು.

ಮರುದಿನ ಭಾವನಿಗೆ ಮೆಲ್ಲಗೆ ಹೇಳಿದಳು. "ಅತ್ತೆ ಬಂದಿದ್ರು ರೀ. ನೆಲ ಒರೆಸ್ತಾ ಇದ್ರು."

ಭಾವ ವಾಚ್ ರಿಪೇರಿಯವನು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಮಸೂರ ತೆಗೆದ. ಅಮ್ಮ ಹೇಗಿದ್ದಳು, ಏನಂದಳು... ಒಂದೂ ಕೇಳಲಿಲ್ಲ.

"ನೀನು ರಾತ್ರಿ ಬಂದಿದ್ಯಾ? ಎಷ್ಟು ಹೊತ್ತಿಗೆ?"

ಅಷ್ಟೇ ಕೇಳಿದ.

ಆ ಪ್ರಶ್ನೆ ಅಕ್ಕನ ತಲೆಯಲ್ಲೇ ಉಳಿಯಿತು. ಅಲ್ಲಿಂದ ನೆಲವನ್ನು ಗಮನಿಸತೊಡಗಿದಳು. ಹಗಲು ಪಾಳಿಯ ವಾರ, ಅವಳು ರಾತ್ರಿ ಮನೆಯಲ್ಲೇ ಇರುವಾಗ, ಬಕೆಟ್ಟಿನ ಮೇಲಿನ ಬಟ್ಟೆ ಒಣಗಿ ಕಡ್ಡಿಯಾಗಿರುತ್ತಿತ್ತು. ಬೇಕೆಂದೇ ಒರೆಸದೆ ಬಿಟ್ಟಳು. ಮಾರ್ಬಲ್ ಮೇಲೆ ಧೂಳು ಕೂತಿತು. ಅತ್ತೆ ಬರಲಿಲ್ಲ. ಮತ್ತೆ ರಾತ್ರಿ ಪಾಳಿ ಶುರುವಾಯಿತು... ಬೆಳಗ್ಗೆ ಬಂದರೆ ನೆಲ ತಂಪಾಗಿ ಮಿನುಗುತ್ತಿತ್ತು. ಆದರೆ ಪೂರ್ತಿ ಅಲ್ಲ. ಕಿಟಕಿಯ ಕೆಳಗೆ ಧೂಳು ಹಾಗೇ ಇತ್ತು, ಸೋಫಾದ ಹತ್ತಿರವೂ ಇತ್ತು. ಒರೆಸಿದ್ದು ಒಂದೇ ಒಂದು ಪಟ್ಟಿ. ಮುಂಬಾಗಿಲಿನಿಂದ ಮಲಗುವ ಕೋಣೆಯ ಬಾಗಿಲವರೆಗೆ.

ಇದು ಯಾವ ಪ್ರೀತಿ? ಅಕ್ಕ ಆ ಪಟ್ಟಿಯ ಮೇಲೆ ಬಾಗಿಲಿನಿಂದ ಬಾಗಿಲಿಗೆ ನಡೆದು ನೋಡಿದಳು.

ಲಾಂಡ್ರಿಯಲ್ಲಿ ಕೊನೆಯ ನೀರಿಗೆ ವಿನೆಗರ್ ಹಾಕುತ್ತಾರೆ, ಬಟ್ಟೆ ಮೃದುವಾಗಲೆಂದು. ಒಂದು ಬಾಟಲಿ ತಂದಳು. ಮರುದಿನ ಸಂಜೆ ಕೆಲಸಕ್ಕೆ ಹೊರಡುವ ಮುಂಚೆ, ಭಾವ ಇನ್ನೂ ಅಂಗಡಿಯಲ್ಲಿದ್ದಾಗ, ಹೊಸ್ತಿಲ ಒಳಗಿನ ಕಾಲೊರಸಿಗೆ ಅಷ್ಟನ್ನೂ ಸುರಿದಳು. ವಾಸನೆ ಬರುವುದಿಲ್ಲವೇ ಅನ್ನುತ್ತೀರಾ? ಅವಳ ಸೀರೆ, ಚೀಲ, ಕೂದಲು ಎಲ್ಲ ಯಾವಾಗಲೂ ವಿನೆಗರ್ ನಾತವೇ. ಭಾವ ಮೂಗು ಮುರಿಯುವುದನ್ನೂ ಬಿಟ್ಟು ವರ್ಷಗಳಾಗಿದ್ದವು.

ಆ ಕಾಲೊರಸು ತುಳಿದು ಯಾರು ಒಳಗೆ ಬಂದರೂ ಅವರ ಪಾದದ ಹುಳಿ ಕಲ್ಲನ್ನು ತಿನ್ನುತ್ತದೆ. ಅತ್ತೆಯೇ ಹೇಳಿಕೊಟ್ಟ ಪಾಠ.

ನಡುರಾತ್ರಿ ತಲೆನೋವೆಂದು ಹೇಳಿ ಕೆಲಸದಿಂದ ಹೊರಟಳು. ಬಾವಿಯ ಹತ್ತಿರ ಬಂದಾಗಲೇ ಕೇಳಿತು. ಸರ್ ಸರ್ ಸರ್ ಸರ್... ಈ ಸಲ ನಿಧಾನವಿಲ್ಲ. ಕೈ ಬಿಡದೆ ಉಜ್ಜುವ ಸದ್ದು. ನಡುವೆ ಉಸಿರು. ಮುದುಕಿಯ ಏದುಸಿರು.

ಅಕ್ಕ ಬಾಗಿಲು ತೆಗೆದಳು. ಹೊಸ್ತಿಲ ಮೇಲೇ ನಿಂತಳು.

ಕತ್ತಲಲ್ಲಿ ನೆಲದ ಹತ್ತಿರ ಏನೋ ಬಾಗಿಕೊಂಡಿತ್ತು. ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಪಿಸುಗುಡುತ್ತಿತ್ತು. "ಹೋಗ್ತಿಲ್ಲ... ಹೋಗ್ತಿಲ್ಲ..."

"ಬಿಡಿ ಅತ್ತೆ," ಅಂದಳು ಅಕ್ಕ. "ಅದು ಹೋಗಲ್ಲ."

ಸದ್ದು ನಿಂತಿತು.

"...ಹೋಗಿ ಮಲ್ಕೋ ಮಗಳೇ. ನಾನು ಒರೆಸ್ತೀನಿ."

"ಎಷ್ಟು ದಿನದಿಂದ ಒರೆಸ್ತಿದ್ದೀರಿ?"

ಬಟ್ಟೆ ಹಿಂಡಿದ ಸದ್ದು. ತೊಟಕ್... ತೊಟಕ್...

"ಬದುಕಿದ್ದಾಗಲೂ ಇದಕ್ಕೇನಾ ಅತ್ತೆ? ನನಗೋಸ್ಕರ ಅಲ್ವಾ?"

ಬಕೆಟ್ಟಿನ ಹಿಡಿಕೆ ಕಿಣ್ ಅಂದಿತು. ಆಮೇಲೆ, ತೀರಾ ಸಣ್ಣ ದನಿಯಲ್ಲಿ...

"ಅವನು ನನ್ನ ಮಗ ಕಣೇ."

ಅಕ್ಕ ಲೈಟು ಹಾಕಿದಳು. ಹಾಲಿನಲ್ಲಿ ಒಬ್ಬರೂ ಇಲ್ಲ. ಹೊಳೆಯುವ ಬಿಳಿ ಕಲ್ಲಿನ ಮೇಲೆ ಮಂಕು ಬಡಿದ ಹೆಜ್ಜೆಗಳು. ದೊಡ್ಡ ಪಾದ, ಭಾವನದು. ಪಕ್ಕದಲ್ಲೇ ಚಿಕ್ಕ ಪಾದ, ಹೆಂಗಸಿನದು. ಎರಡೂ ಜೊತೆಜೊತೆಯಾಗಿ ಕೋಣೆಯ ಕಡೆಗೆ.

ಬಂದವಳು ಅಷ್ಟರಲ್ಲಿ ಹೋಗಿಯಾಗಿತ್ತು. ಅವಳು ಯಾರೆಂದು ಅಕ್ಕ ಕೇಳಲೇ ಇಲ್ಲ. ಭಾವ ಕಣ್ಣುಜ್ಜಿಕೊಂಡು ಎದ್ದು ಬಂದ, ನೆಲ ನೋಡಿದ. ಹಿಮ್ಮಡಿಯಿಂದ ಒಂದು ಹೆಜ್ಜೆಯನ್ನು ಉಜ್ಜಿದ, ಮಣ್ಣೇನೋ ಅನ್ನುವ ಹಾಗೆ. ಅಕ್ಕ ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು ಅದೇ ರಾತ್ರಿ ನಮ್ಮ ದೊಡ್ಡಪ್ಪನ ಮನೆಗೆ ಬಂದುಬಿಟ್ಟಳು. "ಗಂಡ ಮೋಸ ಮಾಡಿದ, ಅದನ್ನ ಹೇಗೋ ತಡ್ಕೊಂಡೇನು," ಅಂದಳು. "ಆದ್ರೆ ಆಯಮ್ಮ ನನ್ನನ್ನ ಮಗಳೇ ಅಂತಿದ್ರಲ್ಲ." ಆಮೇಲೆ ಯಾವತ್ತೂ ಅತ್ತೆಯ ಸುದ್ದಿ ಎತ್ತಲಿಲ್ಲ.

ಭಾವ ಪಾಲಿಶ್‌ನವನನ್ನು ಕರೆಸಿದ. ಆತ ನಮ್ಮ ಪಕ್ಕದ ಬೀದಿಯವನೇ, ಬೇಕಾದರೆ ಹೋಗಿ ಕೇಳಿ. ಮಷೀನು ಹಾಕಿ ಕಲ್ಲು ತೇಯ್ದ, ಪುಡಿ ಹಾಕಿ ಹೊಳಪು ಕೊಟ್ಟ. ದೊಡ್ಡ ಹೆಜ್ಜೆ ಹೋಯಿತು, ಚಿಕ್ಕ ಹೆಜ್ಜೆಯೂ ಹೋಯಿತು. ನೆಲ ಕನ್ನಡಿಯಾಯಿತು.

ಬಾಗಿಲ ಹತ್ತಿರ ಮಾತ್ರ ಎರಡು ದುಂಡನೆ ಮಂಕು ಗುರುತು ಉಳಿದವು. ಮಂಡಿಯಷ್ಟು ಅಗಲ. ಅವುಗಳ ಮುಂದೆ ಎರಡು ಅಂಗೈ, ಬೆರಳು ಬಿಡಿಸಿಕೊಂಡು, ಕಾಲಿಗೆ ಬಿದ್ದವರ ಹಾಗೆ. ಮುಖ ಕೋಣೆಯ ಕಡೆಗಲ್ಲ, ಹೊಸ್ತಿಲ ಕಡೆಗೆ, ಅಕ್ಕ ನಿಂತಿದ್ದ ಕಡೆಗೆ. ಪಾಲಿಶ್‌ನವನು ಮತ್ತೆ ಮತ್ತೆ ತೇಯ್ದ. ಒಣಗಿದೊಡನೆ ಅವು ಎದ್ದು ಬಂದವು.

ಈಗ ಅಲ್ಲಿ ಒಂದು ಕಾರ್ಪೆಟ್ ಹಾಸಿದ್ದಾರೆ. ಸುಳ್ಳು ಹೇಳಿ ನನಗೇನಾಗಬೇಕು? ಎತ್ತಿ ನೋಡಿ ಬಂದಿದ್ದೇನೆ.