ಬೆಣೆ ಕಿತ್ತ ದಿಮ್ಮಿ

ದೆವ್ವಗಿವ್ವ ಅಂತ ಹೆದರಿ ಕೂತರೆ ಕತ್ತಲಾದ ಮೇಲೆ ಗೋದಾಮಿನ ಬೀಗ ತೆಗೆಯುವವರು ಯಾರು? ಆದರೆ ಇದು ನಮ್ಮ ಪಕ್ಕದ ಮನೆಯ ಮರದ ವ್ಯಾಪಾರಿಗೇ ಆದದ್ದು. ಆಳು ಅಂಥಿಂಥವನಲ್ಲ. ದಿಮ್ಮಿ ನೋಡಿದರೆ ಸಾಕು, ಎಷ್ಟು ಹಲಗೆ ಬರುತ್ತೆ ಅಂತ ಹೇಳುವವನು. ಅವನಿಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ.

ಅವತ್ತು ಲೋಡು ಇಳಿಸಿ ಹೊರಡುವಾಗ ಹೊತ್ತು ಮೀರಿತ್ತು. ಹಾಳುಬಾವಿ ದಾಟಿದರೆ ಅವನದೇ ಸಾಮಿಲ್ಲು, ಅದರಾಚೆ ಮನೆ. ಬಾವಿಯ ಹತ್ತಿರ ಬಂದಿದ್ದಾನೆ... ಮಿಲ್ಲಿನ ಅಂಗಳದಿಂದ ಯಾರೋ ಪಿಸುಗುಟ್ಟುವ ಸದ್ದು.

ಕಳ್ಳ ಅಂದುಕೊಂಡ. ಗೇಟಿನ ಪಕ್ಕದ ಹಾರೆ ಎತ್ತಿಕೊಂಡು ಸದ್ದಿಲ್ಲದೆ ಒಳಗೆ ಹೋದ.

ಕಳ್ಳನಲ್ಲ, ಒಡಹುಟ್ಟಿದ ತಮ್ಮ. ಇಳಿಜಾರಿನಲ್ಲಿದ್ದ ದೊಡ್ಡ ದಿಮ್ಮಿಯ ತಗ್ಗಿನ ಕಡೆ, ಅದಕ್ಕೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದ. ಕುಡಿದಿದ್ದ.

ಆ ದಿಮ್ಮಿಯ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ವ್ಯಾಪಾರಿಯ ಒಬ್ಬಳೇ ಮಗಳು ಅದರಡಿ ಸಿಕ್ಕಿ ಹೋದಳು. ಐದು ವರ್ಷದ ಕೂಸು. ಉರುಟುರುಟಾಗಿದ್ದಳು, ಎಲ್ಲರಿಗೂ ‘ಬಟಾಣಿ’. ದಿಮ್ಮಿ ಉರುಳದಂತೆ ಬಡಿದಿದ್ದ ಬೆಣೆಯನ್ನು ಯಾರೋ ಕಿತ್ತಿದ್ದರು. ಕೂಗುವುದಕ್ಕೂ ಪುರುಸೊತ್ತು ಸಿಗಲಿಲ್ಲ ಮಗುವಿಗೆ. ಅದು ಮಿಲ್ಲಿನ ಹಮಾಲಿಯದೇ ಕೆಲಸ ಅಂತ ಅಪ್ಪ ಅವತ್ತೇ ಅವನ ಹಲ್ಲು ಉದುರಿಸಿ, ಊರು ಬಿಡಿಸಿದ. ದಿಮ್ಮಿಯನ್ನು ಮಾತ್ರ ಕೊಯ್ಯಲಿಲ್ಲ, ಮಾರಲೂ ಇಲ್ಲ. ಮೇಲಕ್ಕೆ ಎಳೆಸಿ, ಹೊಸ ಬೆಣೆ ಬಡಿಸಿ ಇಟ್ಟ. ಗಿರಾಕಿ ಕೇಳಿದರೆ, "ಅದು ನಮ್ಮ ಬಟಾಣೀದು" ಅನ್ನುತ್ತಿದ್ದ. ಒಳ್ಳೇ ಮಾಲು, ಬಿಸಿಲಿಗೆ ಬಿರುಕು ಬಿಡುತ್ತಿತ್ತು.

"ಬಟಾಣೀ..." ತಮ್ಮ ಪಿಸುಗುಟ್ಟುತ್ತಿದ್ದ. "ಗಾಡಿ ಚಕ್ರಕ್ಕೆ ಕೊಡೋಣ ಅಂತ ಬೆಣೆ ಕಿತ್ತೆ ಕಣೇ. ಒಂದೇ ನಿಮಿಷ. ವಾಪಸ್ ಬಡೀತಿದ್ದೆ..."

ಅಣ್ಣ ಹಾರೆ ಹಿಡಿದೇ ಎದುರಿಗೆ ಬಂದ.

"ನೀನೇನೋ?"

"ಅಣ್ಣಾ..."

"ಹಮಾಲಿಗೆ ನಾನು ಬಡೀವಾಗ ಅವನ ಕೈ ಹಿಡ್ಕೊಂಡಿದ್ದೆಯಲ್ಲೋ!"

"ಹೆದರಿದ್ದೆ ಅಣ್ಣಾ. ನನ್ನ ಹೆಗಲ ಮೇಲೆ ಬೆಳೆದ ಕೂಸು..."

ಅಣ್ಣ ಹಾರೆ ಬೀಸಿದ. ಮೊಣಕಾಲ ಚಿಪ್ಪು ‘ಚಟ್’ ಅಂದಿತು. ಎರಡನೇ ಏಟು ದವಡೆಗೆ. ಗರಗಸದ ಹೊಟ್ಟಿನ ಮೇಲೆ ರಕ್ತ ತಪ್ ತಪ್ ಬಿತ್ತು. ತಮ್ಮ ದಿಮ್ಮಿಯ ಕೆಳಗೇ ಕುಸಿದ. ಏಳಲಾಗಲಿಲ್ಲ.

"ಅವಳು ಹೋದ ಹಾಗೇ ಹೋಗು."

ಪಕ್ಕಕ್ಕೆ ಸರಿದು ಬೆಣೆಗೆ ಬೀಸಿದ. ಠಕ್! ಒಂದು ಹಾರಿತು. ಠಕ್! ಇನ್ನೊಂದೂ ಹಾರಿತು. ದಿಮ್ಮಿ ‘ಕಿರ್ರ್’ ಅಂತ ಗೇಣಷ್ಟು ಜಾರಿತು...

ನಿಂತಿತು.

ಇಳಿಜಾರು, ಬೆಣೆಯಿಲ್ಲ, ಆನೆಯಂಥ ಮರ. ನಿಂತಿತು! ಮೇಲಿನಿಂದ ಹಾರೆ ಕೊಟ್ಟು ಮೈಭಾರವೆಲ್ಲ ಹಾಕಿ ಮೀಟಿದ. ದಿಮ್ಮಿ ಗಡಗಡ ನಡುಗಿತು, ಉರುಳಲಿಲ್ಲ. ಆಗ ಕೇಳಿಸಿತು... ಕೆಳಗಿನಿಂದ, ತೆಳ್ಳಗೆ... ‘ಹುಂ... ಹುಂ...’ ಕೈಲಾಗದ್ದನ್ನು ಎತ್ತಹೊರಟ ಮಕ್ಕಳು ಮುಕ್ಕರಿಯುತ್ತಾರಲ್ಲ, ಹಾಗೆ.

"ಅಣ್ಣಾ," ಒಡೆದ ಬಾಯಲ್ಲೇ ತಮ್ಮ ಅಂದ. "ಮೀಟಬೇಡ... ಅವಳಿಗೆ ಭಾರ ಆಗ್ತಿದೆ."

ಅಣ್ಣ ಹಾರೆ ಹಿಂದಕ್ಕೆ ತೆಗೆದ. ಹಾರಿದ ಬೆಣೆಗಳನ್ನು ಕತ್ತಲಲ್ಲಿ ತಡಕಾಡಿ ಹುಡುಕಿ, ಹುಚ್ಚನ ಹಾಗೆ ಬಡಿದು ಕೂರಿಸಿದ. "ಬಿಡು ಮಗಾ... ಬಿಡು, ಸಾಕು..." ಬಾಯಲ್ಲಿ ಅದೊಂದೇ. ಕೊನೇ ಏಟು ಬಿದ್ದ ಮೇಲೆ ಮುಕ್ಕರಿಕೆ ನಿಂತಿತು. ತಮ್ಮನ ಕಂಕುಳಿಗೆ ಕೈ ಕೊಟ್ಟು ಆಚೆ ಎಳೆದ.

ಮಿಲ್ಲಿನೊಳಗಿಂದ ಬ್ಯಾಟರಿ ತಂದು ಬಿಟ್ಟು ನೋಡಿದರೆ ದಿಮ್ಮಿಯ ಕೆಳಗಡೆ ಹೊಟ್ಟಿನಲ್ಲಿ ಎರಡು ಪುಟ್ಟ ಹೆಜ್ಜೆ. ಬೆರಳು ದಿಮ್ಮಿಯ ಕಡೆಗೆ. ಒತ್ತಿ ಹಿಡಿದವರ ಹೆಜ್ಜೆಯ ಹಾಗೆ ಬೆರಳ ತುದಿ ಆಳಕ್ಕೆ ಇಳಿದಿತ್ತು.

ತಮ್ಮ ಈಗಲೂ ಕುಂಟುತ್ತಾನೆ. ಕೇಳಿದರೆ ಏಣಿಯಿಂದ ಬಿದ್ದೆ ಅಂತಾನೆ. ನನಗಿದನ್ನು ಹೇಳಿದ್ದು ಅಣ್ಣನೇ. ಸುಳ್ಳು ಹೇಳಿ ಅವನಿಗೇನು ಗಿಟ್ಟುತ್ತದೆ? ಬೆಳಗಾಗುವ ಮುಂಚೆ ಮನೆಗೆ ಹೋಗಿ ಮಗಳ ಚಪ್ಪಲಿ ತಂದನಂತೆ. ಬೆಳೆಯುವ ಕಾಲು ಅಂತ ಎರಡು ಅಳತೆ ದೊಡ್ಡದೇ ಕೊಂಡಿದ್ದ. ಕಾಲಿಗೆ ನಿಲ್ಲದೆ ಪಟಪಟ ಬಡಿಸಿಕೊಂಡು ಓಡಾಡುತ್ತಿದ್ದಳು. ಅದನ್ನು ಹೊಟ್ಟಿನಲ್ಲಿದ್ದ ಹೆಜ್ಜೆಯ ಮೇಲೆ ಇಟ್ಟ.

ಸರಿಯಾಗಿ ಕೂತಿತು.