ಬಿಳಿ ಮಾತ್ರೆ, ಗುಲಾಬಿ ಮಾತ್ರೆ

ಡಾಕ್ಟರ ಕೋಣೆಯ ಹೊರಗೆ, ನಾನು ಕೂತ ಬೆಂಚಿನಲ್ಲೇ ಒಬ್ಬ ಅತ್ತೆ ಮತ್ತು ಅವರ ಸೊಸೆ ಕೂತಿದ್ದರು.

“ತಲೆಸುತ್ತು ಶುರುವಾಗಿದ್ದೇ ನೀನು ಆ ಗುಲಾಬಿ ಮಾತ್ರೆ ತಂದಮೇಲೆ.”

“ಅದೂ ಬಿಪಿದೇ ಅತ್ತೆ. ಕಂಪನಿ ಬೇರೆ, ಔಷಧಿ ಒಂದೇ ಅಂತ ಅಂಗಡಿಯವರೇ ಹೇಳಿದ್ರು.”

“ನಿನಗೆ ಹೇಳಿದ್ರು. ನನಗೆ ಹೇಳಿದ್ರಾ?”

“ಹಾಗಾದ್ರೆ ನೀವು ಅದನ್ನ ನುಂಗ್ತಿಲ್ವಾ?”

“ನೀನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಿರ್ತೀಯಲ್ಲ, ನುಂಗಲೇಬೇಕು. ಅದನ್ನ ನಂಬೋಕಾಗಲ್ಲ ಅಂತ, ಎತ್ತಿಟ್ಟಿದ್ದ ಹಳೇ ಬಿಳಿದನ್ನೂ ನುಂಗ್ತೀನಿ.”

ಸೊಸೆ ಅತ್ತೆಯ ಕಡೆಗೆ ಪೂರ್ತಿ ತಿರುಗಿ ಕೂತಳು.

“ಅಂದ್ರೆ ದಿನಾ ಎರಡರಷ್ಟು. ತಲೆ ಸುತ್ತದೇ ಇರುತ್ತಾ? ಒಳಗೆ ಹೋಗಿ ಇದನ್ನೇ ಹೇಳಿ.”

“ಹೇಳ್ತೀನಿ. ಎರಡೂ ಚೀಲದಲ್ಲೇ ಇವೆ. ಒಂದೇನಾ ಅಂತ ಡಾಕ್ಟರನ್ನೇ ಕೇಳ್ತೀನಿ. ನಿನ್ನನ್ನ ನಂಬಲ್ಲ.”

ನರ್ಸ್ ಕರೆದಳು. ಅತ್ತೆ ಸೊಸೆಯ ಭುಜವನ್ನು ಬಿಗಿಯಾಗಿ ಹಿಡಿದುಕೊಂಡೇ ಎದ್ದು ಒಳಗೆ ನಡೆದರು.